ಕೆರೆಯಲ್ಲಿ ಓಡಿಸಿದ ಫೈಬರ್ ದೋಣಿ ಕಡಲಿಗೆ ಆಗುತ್ತಾ? ಏನೇನು ನೋಡಬೇಕು?

ಎಡೆಯೂರು_ಮೀನು
ಎಲ್ಲರಿಗೂ ನಮಸ್ಕಾರ. ಮಾರ್ಕೋನಹಳ್ಳಿ ಜಲಾಶಯದಲ್ಲಿ ಓಡಿಸಿದ ಒಂದು ಫೈಬರ್ ದೋಣಿ ಮಾರಾಟಕ್ಕಿದೆ. ಉದ್ದ 6 ಮೀಟರ್, ಅಗಲ 1.6 ಮೀಟರ್, ನಡುವಲ್ಲಿ ಪಕ್ಕದ ಗೋಡೆ 60 ಸೆಂ.ಮೀ. ಎತ್ತರ. ತಳ ಚಪ್ಪಟೆ. ಖಾಲಿ ತೂಕ 350 ಕೆ.ಜಿ. 9.9 ಎಚ್‌ಪಿ ಔಟ್‌ಬೋರ್ಡ್ ಎಂಜಿನ್ (ದೋಣಿ ಹಿಂದೆ ಹೊರಗೆ ಕೂರಿಸೋದು), ಶಾರ್ಟ್ ಶಾಫ್ಟ್, ಅಂದ್ರೆ ಎಂಜಿನ್ ಕಾಲು ಗಿಡ್ಡ. ಮೇಲೆ ಡೆಕ್ ಇಲ್ಲ, ಪೂರ್ತಿ ಬಯಲು. ಕೇಳ್ತಿರೋರು ಕುಂದಾಪುರದ ಕಡೆಯೋರು. ದಡದಿಂದ 4-5 ಕಿ.ಮೀ. ಒಳಗೆ ಬಲೆ ಬಿಡೋಕೆ, ನಾಲ್ಕು ಜನ ಹೋಗೋಕೆ ಬೇಕಂತೆ. ಆಗುತ್ತೆ ಅಂದುಬಿಟ್ಟು ದುಡ್ಡು ಇಸ್ಕೊಳ್ಳೋ ವಿಷಯ ಅಲ್ಲ ಇದು, ನಾಲ್ಕು ಜೀವದ ಪ್ರಶ್ನೆ. ಗೊತ್ತಿರೋರು ಸರಿಯಾಗಿ ತಿಳಿಸಿ. ಕಡಲಿಗೆ ಲಾಯಕ್ಕು ಅನ್ನೋಕೆ ಏನೇನು ಬೇಕು? ಇದಕ್ಕೆ ಏನಾದ್ರೂ ಮಾಡಿಸಿದ್ರೆ ಆಗುತ್ತಾ?

ಶಿರಾ_ಪಾಲಿಟೆಕ್ನಿಕ್
ಉಪ್ಪುನೀರಿನ ಸಾಂದ್ರತೆ ಜಾಸ್ತಿ, ಅಲ್ಲಿ ದೋಣಿ ಇನ್ನೂ ಚೆನ್ನಾಗಿ ತೇಲಬೇಕಲ್ವಾ? ಕೆರೆಯಲ್ಲಿ ನಾಲ್ಕು ಜನ ಹೊತ್ತದ್ದು ಕಡಲಲ್ಲಿ ಹೊರಲಾರದಾ?

ಗುಬ್ಬಿ_ಹಡಗು
ಹೊರುತ್ತದೆ. ಆದರೆ ಆ ಲಾಭ ಎಷ್ಟು ಅಂತ ಲೆಕ್ಕ ಹಾಕಿ ನೋಡಿ. ದೋಣಿ 350, ಎಂಜಿನ್ 40, ನಾಲ್ಕು ಜನ 280, ಬಲೆ, ಇಂಧನ, ಐಸು 80. ಒಟ್ಟು 750 ಕೆ.ಜಿ. ಸಿಹಿನೀರಿನಲ್ಲಿ ಅದು 0.75 ಘನಮೀಟರ್ ನೀರನ್ನು ತಳ್ಳಬೇಕು, ಕಡಲಿನಲ್ಲಿ (1 ಘನಮೀಟರಿಗೆ 1025 ಕೆ.ಜಿ.) ಸುಮಾರು 0.73. ಈ ಅಳತೆಯ ದೋಣಿ ನೀರಿನ ಮಟ್ಟದಲ್ಲಿ ಆವರಿಸುವ ಜಾಗ ಸುಮಾರು 7.2 ಚದರ ಮೀಟರ್. ಅಂದರೆ ಕಡಲಿನಲ್ಲಿ ದೋಣಿ ಏಳುವುದು ಎರಡೂವರೆ ಮಿಲಿಮೀಟರ್ ಮಾತ್ರ. ಹತ್ತಾರು ಸಾವಿರ ಟನ್ನಿನ ಹಡಗಿಗೆ ಈ ವ್ಯತ್ಯಾಸ ಮುಖ್ಯ, ಅದಕ್ಕೇ ಅದರ ಪಕ್ಕದ ಗುರುತಿನಲ್ಲಿ ಸಿಹಿನೀರಿಗೆ ಬೇರೆ ಗೆರೆ ಇರುತ್ತದೆ. ಇಲ್ಲಿ ಅದರಿಂದ ಏನೂ ಆಗುವುದಿಲ್ಲ.

ತೇಲುವುದು ಪ್ರಶ್ನೆಯೇ ಅಲ್ಲ. ಕಡಲಿಗೆ ಯೋಗ್ಯವಾ ಅಂತ ನೋಡುವವರು ಕೇಳುವುದು ಮೂರು ವಿಷಯ. ನೀರು ಹೊರಗೇ ಇರುತ್ತದಾ? ಒಳಗೆ ಬಂದರೆ ಹೊರಗೆ ಹೋಗುತ್ತದಾ? ವಾಲಿದರೆ ಮತ್ತೆ ನೆಟ್ಟಗಾಗುತ್ತದಾ? ಆಮೇಲೆ ಇದೆಲ್ಲ ಯಾವ ಕಡಲಿಗೆ, ಯಾವ ತಿಂಗಳಿಗೆ, ಎಷ್ಟು ಹೊರೆಗೆ, ಯಾರು ನಡೆಸುವಾಗ ಅನ್ನುವುದು. ಜನವರಿಯ ಬೆಳಗ್ಗೆ ಯೋಗ್ಯವಾದ ದೋಣಿ ಜೂನ್ ತಿಂಗಳಲ್ಲಿ ಅಯೋಗ್ಯ.

ಮಲ್ಪೆ_ವಾಸಿ
ಅಲೆ ವಿಷಯ ನಾನು ಸೇರಿಸ್ತೀನಿ. ಅಲೆಯ ಎತ್ತರ ನಿಲ್ಲೋದು ಗಾಳಿಯ ವೇಗ, ಎಷ್ಟು ಹೊತ್ತು ಬೀಸ್ತು, ಎಷ್ಟು ದೂರ ಅಡ್ಡಿಯಿಲ್ಲದ ನೀರ ಮೇಲೆ ಬೀಸ್ತು ಅನ್ನೋದರ ಮೇಲೆ. ಎರಡು ಮೂರು ಕಿ.ಮೀ. ಬಯಲು ನೀರು ಇರೋ ಜಲಾಶಯದಲ್ಲಿ ಗಂಟೆಗೆ 35 ಕಿ.ಮೀ. ಗಾಳಿ ಬಂದ್ರೂ ಅಲೆ ಅರ್ಧ ಮೀಟರ್ ದಾಟೋದು ಕಷ್ಟ. ಅರಬ್ಬಿ ಸಮುದ್ರದಲ್ಲಿ ನೂರಾರು ಕಿ.ಮೀ. ಆಚೆ ಎದ್ದ ಅಲೆ ಇಲ್ಲಿಗೆ ಬರುತ್ತೆ, ದಡದಲ್ಲಿ ಗಾಳಿ ಇಲ್ದೇ ಇದ್ರೂ.

ಮುನ್ಸೂಚನೆಯಲ್ಲಿ "ಅಲೆ 1.5 ಮೀಟರ್" ಅಂದ್ರೆ ಎಲ್ಲಾ ಅಲೆ ಅಷ್ಟೇ ಅಂತ ಅಲ್ಲ. ದೊಡ್ಡ ಮೂರನೇ ಒಂದು ಭಾಗದ ಅಲೆಗಳ ಸರಾಸರಿ ಅದು. ನಡುನಡುವೆ ಒಂಟಿ ಅಲೆ ಅದರ ಹತ್ತಿರ ಹತ್ತಿರ ಎರಡರಷ್ಟು ಬರಬಹುದು. ಈ ದೋಣಿಗೆ ನೀರಿನ ಮೇಲೆ ಉಳಿಯೋ ಗೋಡೆ 45-50 ಸೆಂ.ಮೀ., ಅಷ್ಟೇ.

ಇನ್ನೊಂದು, ಕುಂದಾಪುರ ಅಂದ್ರಲ್ಲ, ಅಲ್ಲಿ ಅಳಿವೆ, ಅಂದ್ರೆ ಹೊಳೆ ಕಡಲು ಸೇರೋ ಜಾಗ, ದಾಟಿ ಹೋಗ್ಬೇಕು. ಜನ 5 ಕಿ.ಮೀ. ಆಚೆಯ ಕಡಲಿಗೆ ಹೆದರ್ತಾರೆ, ದೋಣಿ ಮಗುಚೋದು ಹೆಚ್ಚಾಗಿ ಅಳಿವೆ ಬಾಯಲ್ಲಿ. ನೀರಿನ ಆಳದ ಮುಕ್ಕಾಲು ಭಾಗದಷ್ಟು ಎತ್ತರ ಆದ ಕೂಡ್ಲೆ ಅಲೆ ಒಡೆಯುತ್ತೆ. ಮರಳ ದಿಬ್ಬದ ಮೇಲೆ 2 ಮೀಟರ್ ಆಳ ಇದ್ರೆ ಒಂದೂವರೆ ಮೀಟರ್ ಅಲೆ ಅಲ್ಲೇ ಒಡೀತು ಅಂತ ಲೆಕ್ಕ. ಇಳಿತದ ಹೊತ್ತಲ್ಲಿ ಹೊಳೆ ನೀರು ಹೊರಗೆ ನುಗ್ತಿರುತ್ತೆ, ಕಡಲಲೆ ಎದುರಿಗೆ ಬರುತ್ತೆ, ಆಗ ಅಲೆ ಗೋಡೆ ಥರ ನೇರ ಎದ್ದು ನಿಲ್ಲುತ್ತೆ. ವಾಪಸ್ ಬರೋವಾಗ ಹಿಂದಿನಿಂದ ಅಲೆ ಬಂದು ಹಿಂಭಾಗನ ಎತ್ತಿ ದೋಣೀನ ಅಡ್ಡ ತಿರುಗಿಸುತ್ತೆ, ಮುಂದಿನ ಅಲೆ ಪಕ್ಕಕ್ಕೆ ಬಡಿಯುತ್ತೆ. ಅದಕ್ಕೇ ಭರತ ಏರ್ತಿರೋವಾಗ ದಾಟೋದು.

ಅಂತರಸನಹಳ್ಳಿ_ಮೆಕ್ಯಾನಿಕ್
ಅಣ್ಣ, ಶಾರ್ಟ್ ಶಾಫ್ಟ್ ಅಂದ್ರಲ್ಲ, ಅಲ್ಲೇ ಅರ್ಧ ಉತ್ತರ ಸಿಕ್ತು. ಶಾರ್ಟ್ ಶಾಫ್ಟ್ 15 ಇಂಚು, ಅಂದ್ರೆ ಎಂಜಿನ್ ಕೂರೋ ಹಿಂಬದಿ ಹಲಗೆ ಅಲ್ಲಿ ಸುಮಾರು 38 ಸೆಂ.ಮೀ. ಮಾತ್ರ ಎತ್ತರ. ಪಕ್ಕದ ಗೋಡೆ 60 ಇದ್ದು ಏನು ಪ್ರಯೋಜನ? ನೀರು ಒಳಗೆ ಬರೋದು ಅತಿ ಕಮ್ಮಿ ಇರೋ ಜಾಗದಿಂದ. ಮೂರು ಜನ ಹಿಂದೆ ಕೂತ್ರೆ ಅದು ಇನ್ನೂ ತಗ್ಗುತ್ತೆ. ಥ್ರಾಟಲ್ ಒಮ್ಮೆಲೇ ಇಳಿಸಿದ್ರೆ ದೋಣಿ ಎಬ್ಬಿಸಿದ ಅಲೇನೇ ಹಿಂದಿನಿಂದ ಒಳಗೆ ಹಾರುತ್ತೆ.

ಕಡಲಿಗೆ ಲಾಂಗ್ ಶಾಫ್ಟ್, 20 ಇಂಚು, ಹಲಗೆ 51 ಸೆಂ.ಮೀ.ಗೆ ಏರಿಸ್ಬೇಕು. ಪ್ರೊಪೆಲ್ಲರ್ ಮೇಲಿನ ಅಡ್ಡ ಪ್ಲೇಟು ದೋಣಿ ತಳದ ಮಟ್ಟಕ್ಕೆ ಅಥವಾ ಒಂದಿಂಚು ಕೆಳಗೆ ಬರೋ ಹಾಗೆ ಕೂರಿಸಿ. ಮೇಲಾದ್ರೆ ಅಲೆ ಮೇಲೆ ಪ್ರೊಪೆಲ್ಲರ್ ಗಾಳಿ ಎಳೆದು ಎಂಜಿನ್ ಸುಮ್ನೆ ಕಿರುಚುತ್ತೆ, ದೋಣಿ ಮುಂದೆ ಹೋಗಲ್ಲ. ಅಳಿವೆಯಲ್ಲಿ ಹಾಗಾದ್ರೆ ಮುಗೀತು. ಎಂಜಿನ್ ಮುಂದೆ ಒಂದು ಅಡ್ಡಗೋಡೆ ಕಟ್ಟಿ ತೊಟ್ಟಿ ಮಾಡಿ, ಹಲಗೆ ದಾಟಿದ ನೀರು ಆ ತೊಟ್ಟೀಲೇ ನಿಂತು ತೂತಿನಿಂದ ಹೊರಗೆ ಹೋಗಲಿ.

ಎರಡನೇದು ಆನೋಡ್, ಅಂದ್ರೆ ಎಂಜಿನ್ ಲೋಹದ ಬದಲು ತಾನು ಸವೆಯೋಕೆ ಅಂತ ಕೂರಿಸೋ ಲೋಹದ ತುಂಡು. ಸಿಹಿನೀರಿಗೆ ಮೆಗ್ನೀಸಿಯಂ ಹಾಕಿರ್ತಾರೆ. ಅದನ್ನೇ ಉಪ್ಪುನೀರಿಗೆ ಬಿಟ್ರೆ ಬಹಳ ಬೇಗ ಕರಗಿಹೋಗುತ್ತೆ, ಆಮೇಲೆ ಎಂಜಿನ್ನಿನ ಅಲ್ಯೂಮಿನಿಯಂ ಕಾಲನ್ನೇ ತಿನ್ನೋಕೆ ಶುರು. ಕಡಲಿಗೆ ಜಿಂಕ್ ಅಥವಾ ಅಲ್ಯೂಮಿನಿಯಂ ಆನೋಡ್. ಅರ್ಧ ಸವೆದ ಮೇಲೆ ಬದಲಾಯಿಸಿ, ಮೇಲೆ ಪೇಂಟ್ ಬಳಿಯಬೇಡಿ, ಬಳಿದ್ರೆ ಅದು ಕೆಲಸ ಮಾಡಲ್ಲ. ಪ್ರತಿ ಸಲ ದಡಕ್ಕೆ ಬಂದ ಮೇಲೆ 10-15 ನಿಮಿಷ ಸಿಹಿನೀರಲ್ಲಿ ಎಂಜಿನ್ ಓಡಿಸ್ಬೇಕು. ಇಲ್ಲಾಂದ್ರೆ ತಂಪು ನೀರಿನ ದಾರಿಯಲ್ಲಿ ಉಪ್ಪು ಕಟ್ಟುತ್ತೆ. ಪಕ್ಕದಿಂದ ಚಿಮ್ಮೋ ಸಣ್ಣ ನೀರಿನ ಧಾರೆ ತೆಳ್ಳಗಾದ್ರೆ ಅದೇ ಲಕ್ಷಣ.

ಬೋಲ್ಟು, ಕೊಂಡಿ ಎಲ್ಲಾ 304 ದರ್ಜೆ ಸ್ಟೇನ್‌ಲೆಸ್ ಸ್ಟೀಲ್ ಇದ್ರೆ, ಉಪ್ಪುನೀರು ಚೆನ್ನಾಗಿ ತಡೆಯೋ 316 ದರ್ಜೆಗೆ ಬದಲಾಯಿಸಿ. ಕಬ್ಬಿಣದ ಬೋಲ್ಟಿಗೆ ಜಿಂಕ್ ಲೇಪ ಇದ್ರೂ ಬೇಡ.

ಕ್ಯಾತ್ಸಂದ್ರ_ಫೈಬರ್
ಮೆಕ್ಯಾನಿಕ್ ಅಣ್ಣ ಹೇಳಿದ ಹಿಂಬದಿ ಹಲಗೇನ ಏರಿಸೋಕೆ ಮುಂಚೆ ಅದು ಬದುಕಿದೆಯಾ ನೋಡಿ. ಒಳಗೆ ಪ್ಲೈವುಡ್ ಇರುತ್ತೆ, ಹೊರಗೆ ಫೈಬರ್ ಹೊದಿಕೆ. ಬೋಲ್ಟ್ ತೂತಿನಿಂದ ನೀರು ಇಳಿದು ಒಳಗೇ ಕೊಳೆಯುತ್ತೆ, ಹೊರಗಿನಿಂದ ಹೊಳೀತಾನೇ ಇರುತ್ತೆ. ಎಂಜಿನ್ ಕಾಲನ್ನ ಹಿಡಿದು ಮೇಲೆ ಕೆಳಗೆ ಒತ್ತಿ, ಹಲಗೆ ಬಾಗಿದ್ರೆ ಅಥವಾ ಮೂಲೆಯಲ್ಲಿ ಕೂದಲೆಳೆ ಬಿರುಕು ಬಾಯಿ ಬಿಟ್ರೆ ಅನುಮಾನ ಪಡಿ. ಒಳಗಡೆಯಿಂದ, ಕೆಳಭಾಗದಲ್ಲಿ 5 ಮಿ.ಮೀ. ಡ್ರಿಲ್ಲಿನಿಂದ ಎರಡು ಮೂರು ಕಡೆ ಕೊರೆದು ಪುಡಿ ನೋಡಿ. ಒಣಗಿದ ಬಿಳಿ ಪುಡಿ ಬಂದ್ರೆ ಸರಿ. ಕಪ್ಪಗೆ, ಒದ್ದೆಯಾಗಿ, ಹುಳಿ ವಾಸನೆ ಬಂದ್ರೆ ಹಲಗೆ ಪೂರ್ತಿ ತೆಗೆದು ಹೊಸದು ಹಾಕ್ಬೇಕು, ಮೇಲೆ ತೇಪೆ ಹಚ್ಚಿ ಉಪಯೋಗ ಇಲ್ಲ.

ಆಮೇಲೆ ತಳ. ನಮ್ಮ ಕಡೆ ಜಲಾಶಯಗಳಲ್ಲಿ ಬೇಸಿಗೆಗೆ ನೀರು ಇಳಿದಾಗ ದೋಣಿ ಕಲ್ಲಿನ ಮೇಲೆ, ಒಣಗಿದ ಅಂಗಳದಲ್ಲಿ ತಿಂಗಳುಗಟ್ಟಲೆ ಬಿಸಿಲಲ್ಲಿ ಬಿದ್ದಿರುತ್ತೆ. ಎಳೆದಾಡಿ ಎಳೆದಾಡಿ ಜೆಲ್‌ಕೋಟ್ (ಮೇಲಿನ ನುಣುಪು ಪದರ) ಸವೆದು ಗಾಜಿನ ಎಳೆ ಹೊರಗೆ ಬಂದಿರುತ್ತೆ. ಆ ಎಳೆಯ ಉದ್ದಕ್ಕೂ ನೀರು ಒಳಗೆ ಹೋಗುತ್ತೆ, ಪದರ ಬಿಡುತ್ತೆ. ಸ್ಕ್ರೂಡ್ರೈವರ್ ಹಿಡಿಯಿಂದ ಒಂದೊಂದು ಗೇಣಿಗೆ ತಟ್ತಾ ಹೋಗಿ. ಗಟ್ಟಿ ಜಾಗ ಟಣ್ ಅನ್ನುತ್ತೆ, ಪದರ ಬಿಟ್ಟ ಜಾಗ ಡಬ್ ಅನ್ನುತ್ತೆ. ಡಬ್ ಅಂದ ಕಡೆ ಚಾಕ್‌ಪೀಸಲ್ಲಿ ಗುರುತು ಹಾಕಿ. ತಳದ ಉದ್ದಕ್ಕೆ ಒಂದು ದಾರ ಬಿಗಿಯಾಗಿ ಎಳೆದು ನೋಡಿ, ಕಲ್ಲಿನ ಮೇಲೆ ಕೂತ ಕಡೆ ಒಳಕ್ಕೆ ಬಾಗಿದ್ರೆ ಗೊತ್ತಾಗುತ್ತೆ.

ರಿಪೇರಿ ಮಾಡೋದಾದ್ರೆ ಕೆಟ್ಟ ಜಾಗನ ಗಟ್ಟಿ ಪದರ ಸಿಗೋತನಕ ಉಜ್ಜಿ ತೆಗೀಬೇಕು. ಅಂಚನ್ನ ಇಳಿಜಾರಾಗಿ, ದಪ್ಪದ 12 ಪಟ್ಟು ಅಗಲಕ್ಕೆ ಉಜ್ಜಬೇಕು. 5 ಮಿ.ಮೀ. ದಪ್ಪ ಅಂದ್ರೆ ಸುತ್ತ 6 ಸೆಂ.ಮೀ. ಆಮೇಲೆ ಚದರ ಮೀಟರಿಗೆ 450 ಗ್ರಾಂ ತೂಗೋ ಗಾಜಿನೆಳೆ ಮ್ಯಾಟ್, 600 ಗ್ರಾಂ ನೇಯ್ಗೆ ಬಟ್ಟೆ, ಮತ್ತೆ ಮ್ಯಾಟ್. ಮ್ಯಾಟಿಗೆ ಅದರ ತೂಕದ ಎರಡೂವರೆ ಪಟ್ಟು ರೆಸಿನ್, ನೇಯ್ದ ಬಟ್ಟೆಗೆ ಸಮಸಮ. ಹಾರ್ಡನರ್ 1ರಿಂದ 2 ಶೇಕಡಾ. ಏಪ್ರಿಲ್ ಬಿಸಿಲಲ್ಲಿ 1ರ ಹತ್ತಿರ ಇಡಿ, ಇಲ್ಲಾಂದ್ರೆ ರೋಲರ್ ಉರುಳಿಸೋ ಮುಂಚೆ ಡಬ್ಬದಲ್ಲೇ ಗಟ್ಟಿ. ಗುಳ್ಳೆ ಉಳಿದ್ರೆ ಅಲ್ಲಿಂದಲೇ ಮತ್ತೆ ಪದರ ಬಿಡೋಕೆ ಶುರು.

ಶಿರಾ_ಪಾಲಿಟೆಕ್ನಿಕ್
ಗುಬ್ಬಿ ಸಾರ್, ವಾಲಿದರೆ ನೆಟ್ಟಗಾಗುತ್ತಾ ಅಂತ ಕೇಳಿದ್ರಿ. ಚಪ್ಪಟೆ ತಳದ ದೋಣಿ ಅಲ್ಲಾಡೋದೇ ಇಲ್ಲ, ನಿಂತ್ರೂ ವಾಲಲ್ಲ. ಅದು ಒಳ್ಳೇದೇ ಅಲ್ವಾ?

ಗುಬ್ಬಿ_ಹಡಗು
ನಿಂತ ನೀರಿನಲ್ಲಿ ಒಳ್ಳೆಯದು. ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಯಾಕೆಂದರೆ ಜನ ಮೋಸಹೋಗುವುದು ಇಲ್ಲೇ.

ದೋಣಿಯ ತೂಕವೆಲ್ಲ ಕೆಳಗೆ ಎಳೆಯುವ ಬಿಂದು ಒಂದು. ದೋಣಿ ಸ್ವಲ್ಪ ವಾಲಿದಾಗ ನೀರಿನ ಒತ್ತು ಮೇಲಕ್ಕೆ ಹೋಗುವ ಗೆರೆ ದೋಣಿಯ ನಡುಗೆರೆಯನ್ನು ಕೂಡುವ ಬಿಂದು ಇನ್ನೊಂದು, ಅದಕ್ಕೆ ಮೆಟಾಸೆಂಟರ್ ಎನ್ನುತ್ತಾರೆ. ಮೊದಲನೆಯದಕ್ಕಿಂತ ಎರಡನೆಯದು ಎಷ್ಟು ಮೇಲಿದೆ ಅನ್ನುವ ಅಂತರವೇ ಜಿಎಂ. ಅದು ಸೊನ್ನೆಗಿಂತ ಕೆಳಗೆ ಹೋದರೆ ದೋಣಿ ನೆಟ್ಟಗೆ ನಿಲ್ಲಲಾರದು. ಈ ದೋಣಿಗೆ 750 ಕೆ.ಜಿ. ಹೊರೆ, ಎಲ್ಲರೂ ಕೂತಿದ್ದಾರೆ ಅಂತಿಟ್ಟುಕೊಂಡರೆ ಜಿಎಂ ಸುಮಾರು 1.4-1.5 ಮೀಟರ್ ಬರುತ್ತದೆ. ಬಹಳ ದೊಡ್ಡದು. ಅದಕ್ಕೇ ಕೆರೆಯಲ್ಲಿ ಬಂಡೆಯ ಹಾಗೆ ನಿಲ್ಲುತ್ತದೆ.

ಈಗ ಒಂದು ಅಲೆ ಒಳಗೆ ಬಿತ್ತು, ತಳದಲ್ಲಿ 10 ಸೆಂ.ಮೀ. ನೀರು ನಿಂತಿತು ಅನ್ನಿ. ಒಳಗಿನ ತಳ 5 ಮೀಟರ್ ಉದ್ದ, 1.3 ಮೀಟರ್ ಅಗಲ ಇದ್ದರೆ ಆ ನೀರಿನ ತೂಕವೇ 650 ಕೆ.ಜಿ. ದಾಟುತ್ತದೆ. ತೂಕಕ್ಕಿಂತ ಕೆಟ್ಟದ್ದು ಅದರ ಓಡಾಟ. ದೋಣಿ ವಾಲಿದ ಕಡೆಗೇ ಅದು ಹರಿಯುತ್ತದೆ, ಇನ್ನಷ್ಟು ವಾಲಿಸುತ್ತದೆ. ಈ ನಷ್ಟವನ್ನು ಲೆಕ್ಕಕ್ಕೆ ತರುವುದು ಹೀಗೆ: ನೀರು ನಿಂತ ಜಾಗದ ಉದ್ದವನ್ನು ಅಗಲದ ಘನದಿಂದ ಗುಣಿಸಿ 12ರಿಂದ ಭಾಗಿಸಿ, ನೀರಿನ ಸಾಂದ್ರತೆಯಿಂದ ಗುಣಿಸಿ, ಒಟ್ಟು ತೂಕದಿಂದ ಭಾಗಿಸಿ. ಇಲ್ಲಿ ಅದು ಹತ್ತಿರ ಹತ್ತಿರ 67 ಸೆಂ.ಮೀ. ಹೆಚ್ಚಿದ ತೂಕದಿಂದ ದೋಣಿ ತಗ್ಗಿ ಆಗುವ ಬದಲಾವಣೆಯನ್ನೂ ಸೇರಿಸಿದರೆ, ಒಂದೂವರೆ ಮೀಟರ್ ಇದ್ದ ಜಿಎಂ 15-20 ಸೆಂ.ಮೀ.ಗೆ ಇಳಿಯುತ್ತದೆ. ಆ ಹೊತ್ತಿಗೆ ಇಬ್ಬರು ಗಾಬರಿಯಿಂದ ಎದ್ದು ಒಂದೇ ಪಕ್ಕಕ್ಕೆ ಬಂದರೆ ಸಾಕು.

ಅಗಲದ ಘನ ಅನ್ನುವುದನ್ನು ಗಮನಿಸಿ. ಉದ್ದಕ್ಕೆ ನಡುವೆ ಒಂದೇ ಒಂದು ಗಟ್ಟಿ ವಿಭಜಕ ಕಟ್ಟಿದರೆ ಈ ನಷ್ಟ ಕಾಲುಭಾಗಕ್ಕೆ ಇಳಿಯುತ್ತದೆ.

ಎರಡನೆಯ ಮಾತು, ಎಷ್ಟು ವಾಲುವವರೆಗೆ ತಡೆಯುತ್ತದೆ ಅನ್ನುವುದು. ಡೆಕ್ ಇಲ್ಲದ ದೋಣಿಗೆ ಮೇಲಂಚು ನೀರು ಮುಟ್ಟಿದ ಕ್ಷಣವೇ ಕೊನೆ. ಇದಕ್ಕೆ ಆ ಕೋನ ಸುಮಾರು 30 ಡಿಗ್ರಿ. ಚಪ್ಪಟೆ ತಳದ ದೋಣಿ ಅಲೆಯ ಇಳಿಜಾರಿಗೆ ಅಂಟಿಕೊಂಡು ತಾನೂ ಅಷ್ಟೇ ಓರೆಯಾಗುತ್ತದೆ. ಪಕ್ಕದಿಂದ ಕಡಿದಾದ ಅಲೆ ಬಂದಾಗ, ಅದೇ ಹೊತ್ತಿಗೆ ಮೂವರು ಒಂದೇ ಬದಿಯಲ್ಲಿ ಬಲೆ ಎಳೆಯುತ್ತಿದ್ದರೆ, ಆ 30ರಲ್ಲಿ ಉಳಿಯುವುದು ಸ್ವಲ್ಪವೇ.

ತಿಪಟೂರು_ಕೃಷಿಕ
ಹಾಗಾದ್ರೆ ದೊಡ್ಡ ಹಡಗಿಗೂ ಇದೇ ಲೆಕ್ಕಾನಾ ಸಾರ್? ಅಷ್ಟು ಎತ್ತರ ಕಂಟೇನರ್ ಪೇರಿಸ್ತಾರಲ್ಲ.

ಗುಬ್ಬಿ_ಹಡಗು
ಇದೇ ಲೆಕ್ಕ. 24 ಮೀಟರ್ ಮತ್ತು ಅದಕ್ಕಿಂತ ಉದ್ದದ ಸರಕು ಹಡಗಿಗೆ ಅಂತರರಾಷ್ಟ್ರೀಯ ನಿಯಮ ಜಿಎಂ ಕನಿಷ್ಠ 0.15 ಮೀಟರ್ ಕೇಳುತ್ತದೆ, ಒಂದೇ ಡೆಕ್ಕಿನ ಮೀನುಗಾರಿಕೆ ಹಡಗಿಗೆ 0.35. ಅದರ ಜೊತೆಗೆ 30 ಡಿಗ್ರಿ ಮತ್ತು 40 ಡಿಗ್ರಿ ವಾಲುವವರೆಗೆ ಎಷ್ಟು ಶಕ್ತಿಯಿಂದ ತಡೆಯುತ್ತದೆ ಅನ್ನುವುದಕ್ಕೂ ಪ್ರತ್ಯೇಕ ಅಳತೆಗಳಿವೆ. ಕಂಟೇನರ್ ಮೇಲೆ ಪೇರಿಸಿದಂತೆ ಕೆಳಗಿನ ಟ್ಯಾಂಕುಗಳಿಗೆ ಕಡಲ ನೀರು ತುಂಬಿ ತೂಕ ಕೆಳಗಿಳಿಸುತ್ತಾರೆ. ಆ ಟ್ಯಾಂಕುಗಳನ್ನು ಅರ್ಧ ಬಿಡುವುದಿಲ್ಲ, ಪೂರ್ತಿ ತುಂಬುತ್ತಾರೆ ಅಥವಾ ಪೂರ್ತಿ ಖಾಲಿ ಮಾಡುತ್ತಾರೆ, ಮೇಲೆ ಹೇಳಿದ ಹರಿದಾಟದ ಕಾರಣಕ್ಕೇ.

1628ರಲ್ಲಿ ಸ್ವೀಡನ್ನಿನ ವಾಸಾ ಎಂಬ ಯುದ್ಧನೌಕೆ ಮೊದಲ ಪಯಣದಲ್ಲೇ ಸುಮಾರು 1,300 ಮೀಟರ್ ಸಾಗಿ ಬಂದರಿನೊಳಗೇ ಮುಳುಗಿತು. ಮೇಲೆ ಭಾರ ಹೆಚ್ಚು, ಕೆಳಗೆ ಕಲ್ಲಿನ ಭಾರ ಸಾಲದು, ಗಾಳಿಗೆ ವಾಲಿದಾಗ ತೆರೆದಿದ್ದ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿತು. 1987ರ ಮಾರ್ಚ್ 6ರಂದು ಬೆಲ್ಜಿಯಂನ ಝೀಬ್ರುಗ್ ಬಂದರಿನ ಹೊರಗೆ ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್ ಎಂಬ ವಾಹನ ಹಡಗು ಮುಂದಿನ ಬಾಗಿಲು ಮುಚ್ಚದೆಯೇ ಹೊರಟಿತು. ಅಡ್ಡಗೋಡೆಯಿಲ್ಲದ ವಾಹನದ ಅಂತಸ್ತಿನಲ್ಲಿ ನೀರು ಹರಡಿ ನಿಮಿಷಗಳಲ್ಲಿ ಮಗುಚಿತು, 193 ಜನ ಸತ್ತರು. ಈ ಎರಡೂ ಹಡಗುಗಳ ಮೈ ಗಟ್ಟಿಯಾಗಿಯೇ ಇತ್ತು.

ಎಡೆಯೂರು_ಮೀನು
ಸಾರ್, ಈ ಜಿಎಂ ಲೆಕ್ಕ ಕಾಗದದಲ್ಲಿ ಬಂದದ್ದು. ದೋಣಿಯಲ್ಲೇ ಅಳೆಯೋಕಾಗುತ್ತಾ? ನೀರಲ್ಲಿದೆ ಈಗ.

ಗುಬ್ಬಿ_ಹಡಗು
ಆಗುತ್ತದೆ. ಹಡಗುಕಟ್ಟೆಯಲ್ಲಿ ಮಾಡುವ ಪರೀಕ್ಷೆಯೇ ಇದು. ಗಾಳಿಯಿಲ್ಲದ ಬೆಳಗ್ಗೆ ಮಾಡಿ. ತಳದ ನೀರನ್ನೆಲ್ಲ ಒರೆಸಿ ತೆಗೆಯಿರಿ. ಜನರ ಬದಲು ಮರಳಿನ ಚೀಲ ತೂಗಿ, ಕೂರುವ ಹಲಗೆಯ ಮೇಲೆ ಇಟ್ಟು ಒಟ್ಟು 750 ಕೆ.ಜಿ. ಮಾಡಿ. ಹಗ್ಗಗಳು ಸಡಿಲವಾಗಿರಲಿ, ತಳ ಎಲ್ಲೂ ನೆಲ ಮುಟ್ಟಬಾರದು. ಒಂದು ನೆಟ್ಟನೆಯ ಕೋಲಿಗೆ ಗಾರೆಯವರ ತೂಗುಗುಂಡನ್ನು 1 ಮೀಟರ್ ದಾರದಲ್ಲಿ ಕಟ್ಟಿ. ಗುಂಡು ಒಂದು ಬಕೆಟ್ ನೀರಿನಲ್ಲಿ ಮುಳುಗಿರಲಿ, ಆಗ ಅಲ್ಲಾಟ ಕಡಿಮೆ. ಬಕೆಟ್ಟಿನ ಬಾಯಿಯ ಮಟ್ಟದಲ್ಲಿ ಅಡ್ಡ ಸ್ಕೇಲು ಇಟ್ಟು, ಕಟ್ಟಿದ ಜಾಗದಿಂದ ಸ್ಕೇಲಿನವರೆಗಿನ ದಾರದ ಉದ್ದವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಈಗ 40 ಕೆ.ಜಿ. ಚೀಲವನ್ನು ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಸರಿಯಾಗಿ 1 ಮೀಟರ್ ಸರಿಸಿ. ಸ್ಕೇಲಿನ ಮಟ್ಟದಲ್ಲಿ ದಾರ 1000 ಮಿ.ಮೀ. ಇದ್ದು, 36 ಮಿ.ಮೀ. ಸರಿದರೆ, ಜಿಎಂ = (40 × 1 × 1000) ÷ (750 × 36), ಸುಮಾರು 1.48 ಮೀಟರ್. ಎಡಕ್ಕೂ ಬಲಕ್ಕೂ ಎರಡೆರಡು ಸಲ ಮಾಡಿ ಸರಾಸರಿ ತೆಗೆಯಿರಿ.

ತಾಳೆ ನೋಡಲು ಇನ್ನೊಂದು ದಾರಿ ಇದೆ. ದೋಣಿಯನ್ನು ತೂಗಿಬಿಟ್ಟು, ಒಂದು ಬದಿಯಿಂದ ಹೊರಟು ಮತ್ತೆ ಅದೇ ಬದಿಗೆ ಬರುವ ಹೊತ್ತನ್ನು ಅಳೆಯಿರಿ. ಅದು ಸುಮಾರು 0.8 × ಅಗಲ ÷ ಜಿಎಂನ ವರ್ಗಮೂಲ. ಇದಕ್ಕೆ ಒಂದು ಸೆಕೆಂಡಿನ ಆಸುಪಾಸು ಬರಬೇಕು. ಜಿಎಂ 16 ಸೆಂ.ಮೀ.ಗೆ ಇಳಿದಾಗ ಅದು ಮೂರು ಸೆಕೆಂಡು ದಾಟುತ್ತದೆ. ದೋಣಿ ನಿಧಾನವಾಗಿ, ಹಿತವಾಗಿ ತೂಗತೊಡಗಿತು ಅಂದರೆ ಆರಾಮ ಅಂದುಕೊಳ್ಳಬೇಡಿ, ತಳದಲ್ಲಿ ನೀರು ಸೇರಿದೆ ಎಂದು ತಕ್ಷಣ ನೋಡಿ.

ಮಲ್ಪೆ_ವಾಸಿ
ತೂಗೋ ಲಯ ನೋಡೋದು ಇಲ್ಲಿನ ತಾಂಡೇಲರಿಗೂ (ದೋಣಿ ನಡೆಸೋರಿಗೂ) ಗೊತ್ತಿರೋ ವಿದ್ಯೆ.

ಅಂತರಸನಹಳ್ಳಿ_ಮೆಕ್ಯಾನಿಕ್
ನೀರು ಹೊರಗೆ ಹಾಕೋ ಪಂಪಿನ ಮಾತು ಯಾರೂ ಎತ್ತಲಿಲ್ಲ. ನೀರಿನ ಮಟ್ಟಕ್ಕಿಂತ ಅರ್ಧ ಮೀಟರ್ ಕೆಳಗೆ ಒಂದಿಂಚಿನ ತೂತು ಬಿದ್ರೆ ನಿಮಿಷಕ್ಕೆ 55 ಲೀಟರ್ ಒಳಗೆ ಬರುತ್ತೆ, ಗಂಟೆಗೆ 3,300. ಅಂಗಡಿಯಲ್ಲಿ ಸಿಗೋ 12 ವೋಲ್ಟಿನ ಸಣ್ಣ ಪಂಪಿನ ಮೇಲೆ ಗಂಟೆಗೆ 1,900 ಲೀಟರ್ ಅಂತ ಬರೆದಿರುತ್ತೆ, ಅದೂ ಪೈಪು ಮೇಲೇರದೇ ಇದ್ದಾಗ. ಪೈಪ್ ಮೇಲಂಚಿನ ತನಕ ಏರಿದ್ರೆ, ಬ್ಯಾಟರಿ ಸ್ವಲ್ಪ ಇಳಿದಿದ್ರೆ, ಇನ್ನೂ ಕಮ್ಮಿ. ಈ ದೋಣಿ ಅಷ್ಟು ಆಳ ಮುಳುಗಲ್ಲ, 15 ಸೆಂ.ಮೀ. ಕೆಳಗೆ ತೂತು ಅಂದ್ರೂ ನಿಮಿಷಕ್ಕೆ 30 ಲೀಟರ್. ಅದಕ್ಕೆ ಪಂಪ್ ಜೊತೆ ಹಗ್ಗ ಕಟ್ಟಿದ ಎರಡು ಬಕೆಟ್ ಕಡ್ಡಾಯ. ತಳದ ತೂತಿನ ಬಿರಡೆ ಪಕ್ಕದಲ್ಲೇ ಮೆದು ಮರದ ಚೂಪು ಬೆಣೆ ಕಟ್ಟಿಡಿ, ಬಿರಡೆ ಹೋದ್ರೆ ಸುತ್ತಿಗೆಯಿಂದ ಬಡಿದು ಕೂರಿಸೋಕೆ. ಪೆಟ್ರೋಲು ಹೋಗೋಕೆ ಮೂರರಲ್ಲೊಂದು, ಬರೋಕೆ ಮೂರರಲ್ಲೊಂದು, ಮಿಕ್ಕಿದ್ದು ಮುಟ್ಟೋ ಹಾಗಿಲ್ಲ.

ಕ್ಯಾತ್ಸಂದ್ರ_ಫೈಬರ್
ಮಗುಚಿದ್ರೂ ಮುಳುಗದ ಹಾಗೆ ಮಾಡೋದು ನಮ್ಮ ಕೈಯಲ್ಲಿದೆ. ಫೈಬರ್ ನೀರಿಗಿಂತ ಭಾರ. 350 ಕೆ.ಜಿ. ದೋಣಿ ನೀರೊಳಗೆ ಸುಮಾರು 120 ಕೆ.ಜಿ. ತೂಗುತ್ತೆ, ಎಂಜಿನ್ ಸೇರಿದ್ರೆ 150. ತುಂಬಿದ ದೋಣಿಯಲ್ಲಿ ಜನ ಹಿಡಿದು ಕೂರೋಕೆ ಇನ್ನೂ 120 ಅನ್ನಿ. ಒಟ್ಟು 270 ಕೆ.ಜಿ. ಎತ್ತೋ ಫೋಮ್ ಬೇಕು, ಅಂದ್ರೆ 280 ಲೀಟರ್ ಜಾಗ. ನೀರು ಹೀರದ, ಮುಚ್ಚಿದ ಕಣದ ಪಾಲಿಯುರೆಥೇನ್ ಫೋಮ್ ಹಾಕಿ. ಥರ್ಮಾಕೋಲ್ ಬೇಡ, ಪಾಲಿಯೆಸ್ಟರ್ ರೆಸಿನ್ ತಾಗಿದ್ರೆ ಕರಗುತ್ತೆ, ಪೆಟ್ರೋಲ್ ತಾಗಿದ್ರೂ ಕರಗುತ್ತೆ. ಫೋಮನ್ನ ತಳದ ಅಡಿ ತುಂಬಬೇಡಿ. ನೀರು ತುಂಬಿದಾಗ ತಳ ಮೇಲೇಳೋಕೆ ನೋಡಿ ದೋಣೀನೇ ತಿರುಚಿ ಹಾಕುತ್ತೆ. ಎರಡೂ ಪಕ್ಕದ ಗೋಡೆಗೆ, ಮೇಲಂಚಿನ ಕೆಳಗೆ ಉದ್ದಕ್ಕೂ ತುಂಬಿ ಫೈಬರ್ ಹೊದಿಸಿ.

ಮುಂಭಾಗಕ್ಕೆ ಒಂದೂವರೆ ಮೀಟರ್ ಡೆಕ್ ಮುಚ್ಚಿ. ಮೂತಿ ಎತ್ತರ ಆದಷ್ಟೂ ಒಳ್ಳೇದು.

ಎಡೆಯೂರು_ಮೀನು
ಹಲಗೆ ಏರಿಸಿ, ಲಾಂಗ್ ಶಾಫ್ಟ್ ಎಂಜಿನ್ ಹಾಕಿ, ಫೋಮ್, ಮುಂದಿನ ಡೆಕ್ ಎಲ್ಲಾ ಮಾಡಿಸಿದ್ರೆ ಕಡಲಿಗೆ ಸರಿ ಅನ್ನಬಹುದಾ?

ಗುಬ್ಬಿ_ಹಡಗು
ನನ್ನ ಅಭಿಪ್ರಾಯ ಕೇಳಿದರೆ, ಇಲ್ಲ. ಒಳನೀರಿಗೆ ಗಟ್ಟಿ ದೋಣಿ ಆಗುತ್ತದೆ. ಚಪ್ಪಟೆ ತಳ ಚಪ್ಪಟೆಯಾಗಿಯೇ ಉಳಿಯುತ್ತದೆ. ಎದುರಲೆಗೆ ಪ್ರತಿ ಸಲವೂ ಬಡಿಯುತ್ತದೆ, ಆ ಬಡಿತಕ್ಕೆ ಪದರಗಳು ಸಡಿಲವಾಗುತ್ತವೆ. ಗೋಡೆಯ ಎತ್ತರವೂ ಸಾಲದು. ಅಷ್ಟು ಖರ್ಚು ಮಾಡುವ ಬದಲು ಕಡಲಿಗೆಂದೇ ಎರಕ ಹೊಯ್ದ, ಮುಂದೆ ವಿ ಆಕಾರದ, ಮೂತಿ ಎತ್ತಿದ ದೋಣಿ ಕೊಳ್ಳುವುದು ಅವರಿಗೇ ಲಾಭ.

ಮಲ್ಪೆ_ವಾಸಿ
ನಂದೂ ಅದೇ ಮಾತು. ಇನ್ನೊಂದು ಎಚ್ಚರಿಕೆ. ಜೂನ್ 1ರಿಂದ ಜುಲೈ 31ರ ತನಕ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆ ನಿಷೇಧ. 10 ಎಚ್‌ಪಿ ಒಳಗಿನ ಎಂಜಿನ್ನಿನ ನಾಡದೋಣಿಗೆ ಅದರಿಂದ ವಿನಾಯಿತಿ ಇದೆ. 9.9 ಎಚ್‌ಪಿ ಅಂದ ಕೂಡ್ಲೆ ಕೊಳ್ಳೋರ ಕಣ್ಣು ಅದರ ಮೇಲೇ ಇರಬಹುದು. ವಿನಾಯಿತಿ ಕೊಟ್ಟಿರೋದು ಹೊಟ್ಟೆಪಾಡಿಗೆ, ದೋಣಿ ಮಳೆಗಾಲದ ಕಡಲು ತಡೆಯುತ್ತೆ ಅಂತ ಅಲ್ಲ. ಇದನ್ನ ಅವರಿಗೆ ಬಾಯಿ ಬಿಟ್ಟು ಹೇಳಿ.

ಕಾಗದಪತ್ರವೂ ಬೇರೆ. ಕಡಲ ಮೀನುಗಾರಿಕೆಗೆ ಮೀನುಗಾರಿಕೆ ಇಲಾಖೆ ಮೂಲಕ ದೋಣಿ ನೋಂದಣಿಯ ಆನ್‌ಲೈನ್ ವ್ಯವಸ್ಥೆ ರಿಯಲ್‌ಕ್ರಾಫ್ಟ್‌ನಲ್ಲಿ ನೋಂದಣಿ ಆಗಿ "ಐಎನ್‌ಡಿ-ಕೆಎ" ಅಂತ ಶುರುವಾಗೋ ಸಂಖ್ಯೆ ಬರಬೇಕು, 1986ರ ಕರ್ನಾಟಕ ಕಡಲ ಮೀನುಗಾರಿಕೆ ಕಾಯ್ದೆಯ ಪ್ರಕಾರ ಲೈಸೆನ್ಸ್ ಬೇಕು. ಜಲಾಶಯದ ಪರವಾನಗಿ ಅಲ್ಲಿ ನಡೆಯಲ್ಲ.

ಯಾವ ದೋಣೀಲೇ ಹೋಗಲಿ, ನಾಲ್ಕು ಜನಕ್ಕೆ ನಾಲ್ಕು ಲೈಫ್ ಜಾಕೆಟ್, 50 ನ್ಯೂಟನ್ ಎತ್ತುಬಲದ ಬೋಟಿಂಗ್ ಜಾಕೆಟ್ ಅಲ್ಲ, 150ರದ್ದು. ಅದು ಪ್ರಜ್ಞೆ ತಪ್ಪಿದೋರ ಮುಖ ಮೇಲೆ ಮಾಡೋ ಥರ ಮಾಡಿರ್ತಾರೆ. ವಿಎಚ್‌ಎಫ್ ರೇಡಿಯೊ ಸೆಟ್ಟು, ಅಪಾಯದ ಕರೆಗೆ ಚಾನೆಲ್ 16. ಸಹಾಯಕ್ಕೆ ಸನ್ನೆ ಕೊಡೋ ಕೈಪಂಜಿನ ಫ್ಲೇರು ಒಣ ಡಬ್ಬದಲ್ಲಿ. ಲಂಗರಿನ ಹಗ್ಗ ಆಳದ ಐದರಿಂದ ಏಳು ಪಟ್ಟು, ತುದಿಗೆ ಸರಪಳಿ. ಎಂಜಿನ್ ಕೆಟ್ರೆ ಮೂತಿ ಅಲೆಗೆ ಎದುರಾಗಿ ನಿಲ್ಲಿಸೋದು ಆ ಲಂಗರೇ. ಕೋಸ್ಟ್ ಗಾರ್ಡ್ 1554, ಕರಾವಳಿ ಪೊಲೀಸ್ 1093. ಹೊರಡೋ ಮುಂಚೆ ಹೈದರಾಬಾದಿನ ಇಂಕಾಯಿಸ್ ಸಂಸ್ಥೆಯ ಸಣ್ಣ ದೋಣಿಗಳ ಮುನ್ನೆಚ್ಚರಿಕೆ ನೋಡಲಿ. ದೋಣಿಯ ಅಗಲಕ್ಕೆ ತಕ್ಕ ಹಾಗೆ ಎಲ್ಲಿ ಅಪಾಯ ಅಂತ ಅದು ಹೇಳುತ್ತೆ.

ಎಡೆಯೂರು_ಮೀನು
ಎಲ್ಲರಿಗೂ ಧನ್ಯವಾದ. ಅವರಿಗೆ ಇವತ್ತೇ ಫೋನ್ ಮಾಡಿ ಹೇಳ್ತೀನಿ, ಕಡಲಿಗೆ ಇದು ಬೇಡ ಅಂತ. ಇಲ್ಲೇ ಕೆರೆಗೆ ಕೇಳೋರಿಗೆ ಕೊಡ್ತೀವಿ, ಹಾಗಾದ್ರೂ ಪಕ್ಕದ ಫೋಮ್ ಮತ್ತೆ ಹಿಂಬದಿ ಹಲಗೆ ಪರೀಕ್ಷೆ ಮಾಡಿಸಿಯೇ ಕೊಡೋದು. ಕ್ಯಾತ್ಸಂದ್ರ ಅಣ್ಣ, ಡ್ರಿಲ್ ಮಾಡಿದ ತೂತು ಹೇಗೆ ಮುಚ್ಚೋದು? ಎಂ-ಸೀಲ್ ಸಾಕಾ?

ಕ್ಯಾತ್ಸಂದ್ರ_ಫೈಬರ್
ಎಂ-ಸೀಲ್ ಮೇಲೆ ಮಾತ್ರ ಕೂರುತ್ತೆ, ಮರದ ಒಳಕ್ಕೆ ಇಳಿಯಲ್ಲ. ತೂತನ್ನ ಎರಡು ದಿನ ಬಿಸಿಲಿಗೆ ಬಿಟ್ಟು ಒಣಗಿಸಿ. ಮೊದಲು ತೆಳು ಎಪಾಕ್ಸಿ ಸಿರಿಂಜಲ್ಲಿ ಬಿಟ್ಟು ಮರ ಕುಡಿಯೋಕೆ ಬಿಡಿ. ಅದು ಅಂಟಂಟು ಇರೋವಾಗಲೇ ಸಿಲಿಕಾ ಪುಡಿ ಕಲಸಿದ ಗಟ್ಟಿ ಎಪಾಕ್ಸಿ ತುಂಬಿ ಮಟ್ಟ ಮಾಡಿ. ಎಂಜಿನ್ ಬೋಲ್ಟಿನ ತೂತುಗಳಿಗೂ ಇದೇ ಮಾಡಿ: 4 ಮಿ.ಮೀ. ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಬೋಲ್ಟಿನ ಅಳತೆಗೆ ಮತ್ತೆ ಕೊರೆಯಿರಿ.